ಆರ್ಗನ್ ವಾದಕ ಬಾಖ್

ಕಳೆದ ಬೇಸಗೆಯ ರಜೆಗೆ ನಮ್ಮ ಮನೆಗೆ ಬಂದ ತಂಗಿಯ ಮಗ ತನ್ನೊಡನೆ ವಿದ್ಯುತ್ ಕೀಬೋರ್ಡೊಂದನ್ನು ತಂದಿದ್ದ. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ಜೀವನ ಸಾಗಿಸುವ ನನಗೆ ಆ ಯಂತ್ರದ ಮರ್ಮಗಳು ತಿಳಿಯವು. ಆದರೂ ಹುಡುಗನ ಉತ್ಸಾಹಕ್ಕೆ ಭಂಗ ತರಬಾರದೆಂದು ಎದುರಿಗೆ ಕುಳಿತು ಕೇಳಿದೆ. ಅವನು ಲೇಯರ್ ಎಂಬ ಗುಂಡಿಯನ್ನು ಒತ್ತಿದ. ಒಂದೇ ಕೀಲಿಯಿಂದ ಪಿಯಾನೊ ಮತ್ತು ಪಿಟೀಲುಗಳ ದನಿ ಒಂದರ ಮೇಲೊಂದು ಹಾಸಿದಂತೆ ಹೊರಟಿತು. ಸ್ಪ್ಲಿಟ್ ಎಂಬುದನ್ನು ಒತ್ತಿದ. ಕೀಲಿಮಣೆ ನಡುವೆ ಇಬ್ಭಾಗವಾಗಿ ಎಡಗೈಗೆ ಮಂದ್ರದ ತಂತಿವಾದ್ಯವೂ ಬಲಗೈಗೆ ಕೊಳಲೂ ದೊರೆತವು. ಇದೆಲ್ಲ ತನ್ನ ಕಾಲದ ಸೃಷ್ಟಿಯೆಂಬ ಹೆಮ್ಮೆ ಅವನ ಮುಖದಲ್ಲಿತ್ತು. ನಾದಗಳ ಪಟ್ಟಿಯನ್ನು ನೋಡುತ್ತ ಹೋದಾಗ ಅದರಲ್ಲಿ ಪೈಪ್ ಆರ್ಗನ್ ಎಂಬ ಹೆಸರೂ ಕಂಡಿತು. ಆ ಎರಡು ಗುಂಡಿಗಳ ಕೆಲಸವನ್ನು ವಿದ್ಯುತ್ತಿನ ಸಹಾಯವಿಲ್ಲದೆ, ಮರ, ತವರ, ಗಾಳಿಗಳಿಂದಲೇ ಸಾಧಿಸಿದ್ದ ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖನ ಕಥೆಯನ್ನು ಅಂದು ಸಂಜೆ ಹುಡುಗನಿಗೆ ಹೇಳಿದೆ. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ವಾದ್ಯದ ವಿಷಯ ಒಂದೆರಡು ಮಾತು. ಚರ್ಚಿನ ಆರ್ಗನ್ನಿನಲ್ಲಿ ಕೊಳವೆಗಳ ಹಲವು ಸಾಲುಗಳಿರುತ್ತವೆ. ಒಂದೊಂದು ಸಾಲಿಗೂ ಸ್ಟಾಪ್ ಎಂಬ ಒಂದೊಂದು ಹಿಡಿ. ಹಿಡಿಯನ್ನು ಎಳೆದರೆ ಆ ಸಾಲು ನುಡಿಯಲು ಸಿದ್ಧವಾಗುತ್ತದೆ; ನಾಲ್ಕು ಹಿಡಿಗಳನ್ನು ಎಳೆದರೆ ಒಂದು ಕೀಲಿಗೆ ನಾಲ್ಕು ಕೊಳವೆಗಳು ಒಟ್ಟಿಗೆ ಉಲಿಯುತ್ತವೆ. ಖರ್ಜ, ನರ, ಮಾದಿ ಎಂದು ನಮ್ಮ ಪೇಟಿ ಮಾಸ್ತರರು ಕರೆಯುವ ಮೂರು ಸಾಲು ರೀಡುಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಕೊಳವೆಯ ಉದ್ದವೇ ಸಾಲಿನ ಹೆಸರು. ಎಂಟು ಅಡಿಯ ಸಾಲು ಮಧ್ಯ ಷಡ್ಜವನ್ನು ನುಡಿದರೆ, ನಾಲ್ಕು ಅಡಿಯದು ತಾರ ಷಡ್ಜವನ್ನು, ಹದಿನಾರು ಅಡಿಯದು ಮಂದ್ರ ಷಡ್ಜವನ್ನು ನುಡಿಯುತ್ತದೆ. ೨ ೨/೩ ಅಡಿಯದು ತಾರ ಸ್ಥಾಯಿಯ ಪಂಚಮವನ್ನೂ, ೧ ೩/೫ ಅಡಿಯದು ಅದಕ್ಕೂ ಮೇಲಿನ ಸ್ಥಾಯಿಯ ಗಾಂಧಾರವನ್ನೂ ಕೊಡುತ್ತವೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಹುಟ್ಟುವುದನ್ನು ಬಲ್ಲ ನಮಗೆ ಇದರ ತತ್ತ್ವ ಸುಲಭವಾಗಿ ತಿಳಿದೀತು. ತಂಬೂರಿ ತಾನಾಗಿ ಕೊಡುವುದನ್ನು ಆರ್ಗನ್ ವಾದಕ ಹಿಡಿ ಎಳೆದು ಬೇಕೆಂದಾಗ ಬೆರೆಸುತ್ತಾನೆ. ಈ ಪಂಚಮ ಗಾಂಧಾರಗಳೆರಡನ್ನೂ ಕೂಡಿಸಿದ ಸ್ಟಾಪಿಗೆ ಸೆಸ್ಕ್ವಿಆಲ್ಟರಾ ಎಂದು ಹೆಸರು. ಇನ್ನು ಇಬ್ಭಾಗದ ಮಾತು. ದೊಡ್ಡ ಆರ್ಗನ್ನಿಗೆ ಒಂದರ ಮೇಲೊಂದರಂತೆ ಎರಡು, ಮೂರು, ನಾಲ್ಕು ಕೀಲಿಮಣೆಗಳು ಇರುತ್ತವೆ. ಕಾಲಿಗೂ ಒಂದು ಪ್ರತ್ಯೇಕ ಸಾಲು. ಪ್ರತಿಯೊಂದಕ್ಕೂ ಬೇರೆ ಬೇರೆ ನಾದವನ್ನು ಹೂಡಬಹುದು.

ಬಾಖ್ ಹುಟ್ಟಿದುದು ೧೬೮೫ರಲ್ಲಿ, ಐಸೆನಾಖ್ ಎಂಬ ಊರಿನಲ್ಲಿ. ತಲೆಮಾರುಗಳಿಂದ ಸಂಗೀತವೇ ಆ ಮನೆತನದ ವೃತ್ತಿ. ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ಹೋದಳು. ವರ್ಷ ತುಂಬುವ ಮೊದಲೇ ತಂದೆಯೂ ತೀರಿಕೊಂಡನು. ಓರ್ಡ್ರೂಫಿನಲ್ಲಿ ಆರ್ಗನ್ ವಾದಕನಾಗಿದ್ದ ಅಣ್ಣ ಯೋಹಾನ್ ಕ್ರಿಸ್ಟೋಫ್ ತಬ್ಬಲಿ ಹುಡುಗನನ್ನು ತನ್ನ ಮನೆಗೆ ಕರೆದುಕೊಂಡನು. ಅಣ್ಣನ ಬಳಿ ಹೆಸರಾಂತ ರಚನೆಗಳ ಹಸ್ತಪ್ರತಿಯೊಂದಿತ್ತು. ತಮ್ಮ ಅದನ್ನು ಮುಟ್ಟಲು ಅಪ್ಪಣೆಯಿರಲಿಲ್ಲ. ಹುಡುಗ ಜಾಲರಿಯ ಕಪಾಟಿನೊಳಗೆ ಕೈ ತೂರಿಸಿ, ಹಾಳೆಗಳನ್ನು ಸುರುಳಿ ಸುತ್ತಿ ಹೊರತೆಗೆದು, ದೀಪವಿಲ್ಲದ ಕಾರಣ ಬೆಳದಿಂಗಳಿನಲ್ಲಿ ಆರು ತಿಂಗಳು ಕುಳಿತು ಪ್ರತಿಮಾಡಿಕೊಂಡನು. ಅಣ್ಣ ಅದನ್ನು ಕಂಡು ಆ ಪ್ರತಿಯನ್ನು ಕಿತ್ತುಕೊಂಡನು. ಮುಂದೆ ಇಡೀ ಬಾಳಿನಲ್ಲಿ ಬಾಖನಿಗೆ ಆದುದರ ಮುನ್ಸೂಚನೆ ಇದರಲ್ಲಿದೆಯೆಂದು ನನಗೆ ಅನೇಕ ವೇಳೆ ತೋರಿದೆ.

೧೭೦೩ರಲ್ಲಿ ಆರ್ನ್‌ಷ್ಟಾಟ್ ಊರಿನ ಚರ್ಚಿಗೆ ವೆಂಡರ್ ಎಂಬ ಶಿಲ್ಪಿ ಹೊಸ ಆರ್ಗನ್ ಕಟ್ಟಿಕೊಟ್ಟಾಗ ಅದನ್ನು ಪರೀಕ್ಷಿಸಲು ಬಂದವನು ಹದಿನೆಂಟರ ತರುಣ ಬಾಖ್. ಊರವರು ಅವನನ್ನೇ ವಾದಕನನ್ನಾಗಿ ನೇಮಿಸಿಕೊಂಡರು. ಎರಡು ವರ್ಷಗಳ ತರುವಾಯ ನಾಲ್ಕು ವಾರಗಳ ರಜೆ ಪಡೆದು, ವಾದಕಶ್ರೇಷ್ಠ ಬುಕ್ಸ್ಟೆಹೂಡೆಯನ್ನು ಕೇಳುವುದಕ್ಕಾಗಿ ಅವನು ದೂರದ ಲ್ಯೂಬೆಕ್ಕಿಗೆ ಹೊರಟನು. ದಾರಿ ೪೦೦ ಕಿಲೋಮೀಟರಿಗೂ ಹೆಚ್ಚು. ನಡೆದೇ ಹೋದನೆಂದು ಪ್ರತೀತಿ. ನಾಲ್ಕು ವಾರದ ರಜೆ ನಾಲ್ಕು ತಿಂಗಳಿಗೆ ಬೆಳೆಯಿತು. ಹಿಂದಿರುಗಿದಾಗ ಚರ್ಚಿನ ಹಿರಿಯರು ಗೈರುಹಾಜರಿಗಾಗಿ ವಿಚಾರಿಸಿದುದಲ್ಲದೆ, ಭಕ್ತಿಗೀತೆಗಳ ನಡುವೆ ವಿಚಿತ್ರ ಸ್ವರಗಳನ್ನು ಬೆರೆಸಿ ಹಾಡುವ ಜನರನ್ನು ದಿಕ್ಕುಗೆಡಿಸುತ್ತಾನೆಂದೂ ಆಕ್ಷೇಪಿಸಿದರು.

೧೭೦೭ರಲ್ಲಿ ಅವನು ಮ್ಯೂಲ್‌ಹೌಸನ್ನಿಗೆ ಹೋದನು. ಅಲ್ಲಿನ ಆರ್ಗನ್ ಹಳೆಯದಾಗಿ ಜೀರ್ಣವಾಗಿತ್ತು. ಇಪ್ಪತ್ತೆರಡರ ಹರೆಯದ ಬಾಖ್ ಅದನ್ನು ಸರಿಪಡಿಸುವ ಬಗೆಯನ್ನು ಕಲಮುಗಳಾಗಿ ವಿಂಗಡಿಸಿ ನಗರಸಭೆಗೆ ಬರೆದುಕೊಟ್ಟನು. ಆ ಬರಹ ಉಳಿದಿದೆ. ಗಾಳಿ ಸಾಲದಾದ್ದರಿಂದ ಹೊಸ ತಿದಿಗಳು ಬೇಕು. ಇಡೀ ವಾದ್ಯಕ್ಕೆ ಗಾಂಭೀರ್ಯ ಬರಲು ಕಾಲುಸಾಲಿಗೆ ೩೨ ಅಡಿಯ ಮಂದ್ರ ಬೇಕು. ಹದಿನಾರು ಅಡಿಯ ಫಾಗಟ್ ಬೇಕು. ಮೂರನೆಯ ಕೀಲಿಮಣೆಯೊಂದು ಬೇಕು. ಊರವರು ಬಯಸಿದಂತೆ ಕಾಲಿನಿಂದ ನುಡಿಸುವ ಗಂಟೆಗಳೂ ಬೇಕು. ಕಾವ್ಯದಲ್ಲಿ ಯಾವ ರಸಕ್ಕೆ ಯಾವ ರೀತಿಯೆಂದು ಆಲಂಕಾರಿಕರು ವಿವೇಚಿಸಿದಷ್ಟೇ ಶ್ರದ್ಧೆ ಆ ಪಟ್ಟಿಯಲ್ಲಿ ಕಾಣುತ್ತದೆ. ನಗರಸಭೆ ಒಪ್ಪಿತು. ಆದರೆ ಕೆಲಸ ಮುಗಿಯುವ ಮೊದಲೇ, ೧೭೦೮ರಲ್ಲಿ, ಬಾಖ್ ಹೆಚ್ಚಿನ ಸಂಬಳದ ಮೇಲೆ ವೈಮಾರ್ ಅರಮನೆಗೆ ಹೊರಟುಹೋದನು. ವಾದ್ಯ ೧೭೦೯ರಲ್ಲಿ ಸಿದ್ಧವಾಯಿತು. ಲೂಥರನ ಪ್ರಸಿದ್ಧ ಸ್ತೋತ್ರವೊಂದನ್ನಾಧರಿಸಿದ ಬಾಖನ ಒಂದು ರಚನೆಯ ಹಳೆಯ ಪ್ರತಿಯಲ್ಲಿ ಎಡಗೈಗೆ ಫಾಗಟ್, ಬಲಗೈಗೆ ಸೆಸ್ಕ್ವಿಆಲ್ಟರಾ ಎಂಬ ಸೂಚನೆಯಿದೆ. ಅದು ಈ ಆರ್ಗನ್ನಿಗಾಗಿಯೇ ಹುಟ್ಟಿದ್ದೆಂದು ಹಲವು ಪಂಡಿತರ ಊಹೆ. ನನ್ನ ಸೋದರಳಿಯ ಸ್ಪ್ಲಿಟ್ ಗುಂಡಿಯಿಂದ ಮಾಡಿದುದು ಇದನ್ನೇ.

ವೈಮಾರಿನ ಅರಮನೆ ಚರ್ಚಿನಲ್ಲಿ ಆರ್ಗನ್ ಇದ್ದುದು ಮಾಳಿಗೆಯ ಸಮೀಪದಲ್ಲಿ. ಅದು ಸಾಧಾರಣ ಗಾತ್ರದ, ಎರಡು ಕೀಲಿಮಣೆಗಳ ವಾದ್ಯ. ಬಾಖ್ ತನ್ನ ಆರ್ಗನ್ ಕೃತಿಗಳಲ್ಲಿ ಬಹುಭಾಗವನ್ನು ಅಲ್ಲಿಯೇ ರಚಿಸಿದನು. ೧೭೧೭ರಲ್ಲಿ ಬಿಡುಗಡೆಯನ್ನು ಹಟಹಿಡಿದು ಕೇಳಿದುದಕ್ಕಾಗಿ ಪ್ರಭು ಅವನನ್ನು ಸುಮಾರು ಒಂದು ತಿಂಗಳು ಸೆರೆಯಲ್ಲಿಟ್ಟು, ಬಳಿಕ ಕಳುಹಿಸಿಕೊಟ್ಟನು. ಅವನು ಮುಂದೆ ಸೇರಿದ ಕ್ಯೋಥನ್ನಿನ ಅರಸ ಸಂಗೀತರಸಿಕ; ಆದರೆ ಅಲ್ಲಿನ ಪೂಜಾವಿಧಿಯಲ್ಲಿ ಆರ್ಗನ್ನಿನ ವೈಭವಕ್ಕೆ ಎಡೆಯಿರಲಿಲ್ಲ.

೧೭೨೦ನೆಯ ವರ್ಷ ಬಾಖನ ಬಾಳಿನಲ್ಲಿ ಕಠಿನವಾದುದು. ಬೇಸಗೆಯಲ್ಲಿ ಅರಸನೊಡನೆ ಕಾರ್ಲ್ಸ್‌ಬಾಡಿಗೆ ಹೋಗಿ ಮರಳಿದಾಗ, ಬಿಟ್ಟುಹೋಗುವಾಗ ಆರೋಗ್ಯವಾಗಿದ್ದ ಮಡದಿ ಮರಿಯಾ ಬಾರ್ಬರಾ ಮಣ್ಣಾಗಿದ್ದಳು. ಮನೆಯಲ್ಲಿ ತಾಯಿಯಿಲ್ಲದ ನಾಲ್ಕು ಮಕ್ಕಳು. ಅದೇ ನವೆಂಬರಿನಲ್ಲಿ ಅವನು ಹ್ಯಾಂಬರ್ಗಿಗೆ ಹೋದನು. ಅಲ್ಲಿನ ಸಂತ ಯಾಕೋಬನ ಚರ್ಚಿನಲ್ಲಿ ಷ್ನಿಟ್ಗರ್ ಕಟ್ಟಿದ ೬೦ ಸ್ಟಾಪುಗಳ, ನಾಲ್ಕು ಕೀಲಿಮಣೆಗಳ ಆರ್ಗನ್ ಇತ್ತು. ವಾದಕನ ಸ್ಥಾನ ತೆರವಾಗಿತ್ತು. ಬಾಖ್ ಸಂತ ಕ್ಯಾಥರೀನಳ ಚರ್ಚಿನಲ್ಲಿ ನುಡಿಸಿದಾಗ ವೃದ್ಧ ವಾದಕ ರೈಂಕನ್ ಬೆರಗಾಗಿ ಮೆಚ್ಚಿದನು. ಆದರೆ ಯಾಕೋಬನ ಚರ್ಚಿನ ಪರೀಕ್ಷೆಯ ದಿನದವರೆಗೆ ನಿಲ್ಲಲಾರದೆ ಅವನು ಅರಸನ ಸೇವೆಗೆ ಮರಳಬೇಕಾಯಿತು. ಕೊನೆಗೆ ಆ ಸ್ಥಾನ ಹೈಟ್ಮನ್ ಎಂಬವನಿಗೆ ಹೋಯಿತು. ಅವನು ಚರ್ಚಿನ ಬೊಕ್ಕಸಕ್ಕೆ ೪,೦೦೦ ಮಾರ್ಕುಗಳನ್ನು ಸಲ್ಲಿಸಿದನು. ವಿದ್ಯೆಯೊಂದನ್ನೇ ನಂಬಿ ಅರ್ಜಿ ಹಿಡಿದು ನಿಂತವರ ಪಾಡು ಯಾವ ದೇಶದಲ್ಲಾದರೂ, ಯಾವ ಕಾಲದಲ್ಲಾದರೂ ಒಂದೇ ಎಂದು ಈ ಪ್ರಸಂಗವನ್ನು ಓದಿದಾಗ ನನಗೆ ಅನ್ನಿಸಿತು. ನೌಕರಿಯ ಆರಂಭದಲ್ಲಿ ನಾನೂ ಅಂಥ ಒಂದು ಬಾಗಿಲಿನಿಂದ ಬರಿಗೈಯಲ್ಲಿ ಹಿಂದಿರುಗಿದವನೇ.

೧೭೨೩ರಲ್ಲಿ ಬಾಖ್ ಲೈಪ್ಸಿಗ್ ನಗರವನ್ನು ಸೇರಿದನು. ಕೊನೆಯವರೆಗೂ ಅಲ್ಲಿಯೇ ಇದ್ದನು. ಅಲ್ಲಿಯೂ ಅವನ ಅಧಿಕಾರ ಸಂತ ತೋಮಾಸನ ಶಾಲೆಯ ಗಾಯನಗುರುವಿನದು, ಆರ್ಗನ್ ವಾದಕನದಲ್ಲ. ಜರ್ಮನಿಯಲ್ಲಿಯೇ ಅಗ್ರಗಣ್ಯ ಆರ್ಗನ್ ವಾದಕನೆನಿಸಿದವನಿಗೆ ನಿತ್ಯವೂ ನುಡಿಸಲು ದೊಡ್ಡ, ಸರ್ವಾಂಗಸುಂದರವಾದ ಒಂದು ಆರ್ಗನ್ ಎಂದೂ ದೊರೆಯಲಿಲ್ಲ. ಈ ಕೊರಗನ್ನು ಅವನು ತನ್ನವರೊಡನೆ ಹೇಳಿಕೊಳ್ಳುತ್ತಿದ್ದನಂತೆ. ಬೇರೆ ಊರುಗಳು ಹೊಸ ಆರ್ಗನ್ ಕಟ್ಟಿಸಿದಾಗ ಮಾತ್ರ ಪರೀಕ್ಷಿಸಲು ಅವನನ್ನೇ ಕರೆಯುತ್ತಿದ್ದರು. ೧೭೪೬ರಲ್ಲಿ, ಅರುವತ್ತು ದಾಟಿದ ಮೇಲೂ, ನೌಂಬರ್ಗಿನಲ್ಲಿ ಹಿಲ್ಡೆಬ್ರಾಂಟ್ ಕಟ್ಟಿದ ೫೩ ಸ್ಟಾಪುಗಳ ಆರ್ಗನ್ನನ್ನು ಪರೀಕ್ಷಿಸಿದನು. ಆ ವಾದ್ಯ ಇಂದಿಗೂ ನುಡಿಯುತ್ತಿದೆ. ಅವನ ಪರೀಕ್ಷೆಯ ಮೊದಲ ಹೆಜ್ಜೆ ಎಲ್ಲ ಸ್ಟಾಪುಗಳನ್ನೂ ಒಮ್ಮೆಗೇ ಎಳೆದು ನುಡಿಸುವುದು. ವಾದ್ಯದ ಶ್ವಾಸಕೋಶ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದೇನೆಂದು ನಗುತ್ತ ಹೇಳುತ್ತಿದ್ದನಂತೆ. ಶಿಲ್ಪಿಗಳ ಮುಖ ಆಗ ಬಿಳಿಚುತ್ತಿತ್ತು. ಆದರೆ ಕೆಲಸ ಪ್ರಾಮಾಣಿಕವಾಗಿದ್ದು ಸಂಭಾವನೆ ಕಡಿಮೆಯೆಂದು ಕಂಡರೆ, ಶಿಲ್ಪಿಯ ಪರವಾಗಿ ಹೆಚ್ಚಿನ ಹಣಕ್ಕೆ ಮಾತನಾಡುತ್ತಿದ್ದವನೂ ಅವನೇ.

ಸ್ಟಾಪುಗಳನ್ನು ಬೆರೆಸುವುದರಲ್ಲಿ ಅವನಿಗೆ ಅವನೇ ಸಾಟಿ. ಅವನು ಹಿಡಿಗಳನ್ನು ಎಳೆಯುವ ಬಗೆಯನ್ನು ಕಂಡ ಇತರ ವಾದಕರು, ಇಂಥ ಕೂಟದಿಂದ ಒಳ್ಳೆಯ ನಾದ ಹುಟ್ಟದೆಂದು ಗಾಬರಿಗೊಳ್ಳುತ್ತಿದ್ದರು. ನುಡಿಸಿದ ಮೇಲೆ ವಿಸ್ಮಿತರಾಗುತ್ತಿದ್ದರು. ಸುಮಾರು ೧೭೪೮ರಲ್ಲಿ ಅಚ್ಚಾದ ಆರು ರಚನೆಗಳಲ್ಲಿ ಒಂದನ್ನು ನೋಡಿ. ಅದರಲ್ಲಿ ಒಂದು ಕೈಗೆ ಎಂಟು ಅಡಿಯ ನಾದ, ಇನ್ನೊಂದಕ್ಕೆ ಹದಿನಾರು ಅಡಿಯದು, ಕಾಲಿಗೆ ಮಾತ್ರ ನಾಲ್ಕು ಅಡಿಯದು. ಮಂದ್ರವೇ ಕಾಲಿನ ಪಾಲೆಂದು ಎಲ್ಲರೂ ಎಣಿಸಿರುವಾಗ, ಇಲ್ಲಿ ಗೀತೆಯ ಧಾಟಿಯನ್ನು ಕಾಲು ಹಾಡುತ್ತದೆ. ಮಂದ್ರವನ್ನು ಎಡಗೈ ಹೊರುತ್ತದೆ. ನಾದಗಳ ಬಗೆಗಿನ ಅವನ ಕುತೂಹಲ ಆರ್ಗನ್ನಿಗೇ ಸೀಮಿತವಾಗಿರಲಿಲ್ಲ. ಕರುಳಿನ ತಂತಿಗಳ ಜೊತೆಗೆ ನಾಲ್ಕು ಅಡಿಯ ಹಿತ್ತಾಳೆ ತಂತಿಗಳನ್ನೂ ಹೂಡಿ, ಕೀಲಿಯಿಂದಲೇ ಲ್ಯೂಟ್ ವಾದ್ಯದ ನಾದ ಬರುವಂತೆ ಹಿಲ್ಡೆಬ್ರಾಂಟನಿಂದ ಒಂದು ವಾದ್ಯವನ್ನು ಮಾಡಿಸಿದ್ದನು. ಅದು ಲ್ಯೂಟ್ ನುಡಿಸುವವರನ್ನೇ ಮರುಳುಗೊಳಿಸುವಂತಿತ್ತೆಂದು ಕೇಳಿದವರ ಸಾಕ್ಷ್ಯವಿದೆ.

ಕೊನೆಗಾಲದಲ್ಲಿ ಅವನ ಕಣ್ಣು ಮಂಜಾಯಿತು. ೧೭೫೦ರ ವಸಂತದಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ವೈದ್ಯ ಎರಡು ಬಾರಿ ಶಸ್ತ್ರಕ್ರಿಯೆ ಮಾಡಿದನು. ದೃಷ್ಟಿ ಪೂರ್ತಿ ಹೋಯಿತು, ದೇಹವೂ ಕುಸಿಯಿತು. ಆ ವರ್ಷದ ಜುಲೈ ೨೮ರಂದು ಬಾಖ್ ತೀರಿಕೊಂಡನು. ಎರಡನೆಯ ಮಡದಿ ಆನ್ನಾ ಮಗ್ದಲೇನಾ ಹತ್ತು ವರ್ಷ ಬಡತನದಲ್ಲಿ ಬಾಳಿ, ೧೭೬೦ರಲ್ಲಿ ಧರ್ಮದ ಹಣವನ್ನು ಅವಲಂಬಿಸಿದವಳಾಗಿಯೇ ಕಣ್ಣುಮುಚ್ಚಿದಳು.

ಸ್ವರಗಳು ಕಾಗದದಲ್ಲಿ ಉಳಿದವು. ಯಾವ ಸ್ವರಕ್ಕೆ ಯಾವ ಸ್ಟಾಪುಗಳನ್ನು ಕೂಡಿಸಬೇಕೆಂಬುದನ್ನು ಮಾತ್ರ ಬಾಖ್ ಬೆರಳೆಣಿಕೆಯ ಕಡೆಗಳಲ್ಲಿ ಬರೆದಿಟ್ಟಿದ್ದಾನೆ. ಆ ಕಲೆ ತಂದೆಯೊಡನೆಯೇ ಹೋಯಿತೆಂದು ಅವನ ಮಗ ಮುಂದೆ ಮರುಗಿದನು. ಪ್ರತಿ ಊರಿನ ಆರ್ಗನ್ನೂ ಬೇರೆಯಾಗಿದ್ದುದರಿಂದ, ಒಂದರಲ್ಲಿ ಕಂಡುಕೊಂಡ ಕೂಟ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಆಯಾ ವಾದ್ಯದ ಮುಂದೆ ಕುಳಿತು, ಕಿವಿಗೊಟ್ಟು, ಹೊಸದಾಗಿ ಹುಡುಕಬೇಕಾಗಿತ್ತು. ತನ್ನದೆಂಬ ದೊಡ್ಡ ವಾದ್ಯವಿಲ್ಲದೆ ಊರೂರಿನ ವಾದ್ಯಗಳನ್ನು ನುಡಿಸಿ ನೋಡಿದವನಿಗೆ ಆ ಹುಡುಕಾಟವೇ ಗುರುವಾಯಿತೇನೋ ಎಂದು ನನ್ನ ಭಾವನೆ.

ಕಥೆ ಮುಗಿದಾಗ ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಒಂದು ಗುಂಡಿಯನ್ನು ಒತ್ತಿದರೆ ತನ್ನ ಕೂಟ ಯಂತ್ರದ ನೆನಪಿನಲ್ಲಿ ಉಳಿಯುತ್ತದೆಂದು ಮೆಲ್ಲಗೆ ತಿಳಿಸಿದ. ಹಾಗೆ ಉಳಿಸಿಕೊಳ್ಳುವುದು ಒಳ್ಳೆಯದೆಂದೇ ನಾನೂ ಹೇಳಿದೆ. ಮರುದಿನ ಬೆಳಗ್ಗೆ ನಾನು ಕಾಲೇಜಿನ ಕಾಗದಗಳನ್ನು ನೋಡುತ್ತಿದ್ದಾಗ ಒಳಕೋಣೆಯಿಂದ ಅದೇ ಎರಡು ನಾದಗಳು ಕೇಳಿಬಂದವು. ಅವುಗಳ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿ, ಸ್ವಲ್ಪ ತಗ್ಗಿಸಿ, ಅವನು ಬಹಳ ಹೊತ್ತು ಕಿವಿಗೊಟ್ಟು ಕುಳಿತಿದ್ದ.