ಸರದಿಗೆಂದು ಹೋದವರು



ಮೇ 10 ಸಂತ ಡೇಮಿಯನ್ ಅವರ ಹಬ್ಬ. ಸೆಪ್ಟೆಂಬರ್ ತಿಂಗಳಲ್ಲಿ ಸಂತ ಕೊಸ್ಮಾಸರ ಜೊತೆ ನಾವು ನೆನೆಯುವ ವೈದ್ಯ ದಮಿಯಾನರು ಬೇರೆ, ಇವರು ಬೇರೆ. ಇವರು ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ 16 ವರ್ಷ ಬದುಕಿ, ಅದೇ ರೋಗದಿಂದ ತೀರಿಕೊಂಡ ಗುರುಗಳು. ಸಾಮಾನ್ಯವಾಗಿ ಸಂತರ ಹಬ್ಬ ಅವರು ಪ್ರಭುವಿನಲ್ಲಿ ನಿದ್ರೆಹೋದ ದಿನಕ್ಕೆ ಬರುತ್ತದೆ. ಇವರ ಹಬ್ಬ ಮಾತ್ರ ರೋಗಿಗಳ ದಡಕ್ಕೆ ಕಾಲಿಟ್ಟ ದಿನಕ್ಕೆ ಬರುತ್ತದೆ.

ಈ ಸಂತರ ಬಗ್ಗೆ ಬರೆಯಬೇಕೆಂದು ನಮಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಹೋದ ವರ್ಷ ನಮ್ಮ ಯುವಸಂಘದ ಒಂಬತ್ತು ಮಂದಿ ದಿಂಬಂ ಘಟ್ಟದ 27 ತಿರುವು ಇಳಿದು, ಬಯಲು ಸೀಮೆಯ ಒಂದು ಕುಷ್ಠರೋಗಿಗಳ ಆಶ್ರಮದಲ್ಲಿ ಒಂದು ವಾರ ಸೇವೆ ಮಾಡಿ ಬಂದೆವು. ಗಾಯ ತೊಳೆದೆವು, ಬಟ್ಟೆ ಒಗೆದೆವು, ಸಂಜೆ ಜಪಸರ ಹೇಳಿಸಿದೆವು. ಅಲ್ಲಿದ್ದವರೆಲ್ಲ ತಮಿಳು ಮಾತಾಡುವವರು. ಮೂಲೆಯ ಮಂಚದ ಒಬ್ಬ ತಾತ ಮಾತ್ರ ಕನ್ನಡದವರು, ನಮ್ಮ ಘಟ್ಟದ ಮೇಲಿನವರೇ. ಹೊರಡುವ ದಿನ ಅವರು ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದರು. ಮುಂದಿನ ತಿಂಗಳೇ ಬರುತ್ತೇವೆ ಎಂದೆವು. ಪರೀಕ್ಷೆ ಬಂತು, ಕೊಯ್ಲು ಬಂತು, ಕ್ರಿಸ್ಮಸ್ ಗೋದಲಿಯ ಕೆಲಸ ಬಂತು. ನಾವು ಹೋಗಲಿಲ್ಲ. ಫೋಟೋಗಳನ್ನು ಮಾತ್ರ ದೇವಾಲಯದ ಫಲಕಕ್ಕೆ ಅಂಟಿಸಿದ್ದೇವೆ, ನೀವೆಲ್ಲ ನೋಡಿದ್ದೀರಿ.

ಡೇಮಿಯನ್ ಸ್ವಾಮಿಗಳೂ ಮೊದಲು ಹೋದದ್ದು ಸರದಿಗೇ. ಮೂರು ತಿಂಗಳಿದ್ದು ವಾಪಸ್ಸು ಬರುವುದೆಂದು.

ಅವರ ಮನೆಯ ಹೆಸರು ಯೋಸೆಫ್ ದೆ ವ್ಯೂಸ್ಟರ್. ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ಅಪ್ಪ ರೈತರು, ಧಾನ್ಯದ ವ್ಯಾಪಾರವನ್ನೂ ಮಾಡುತ್ತಿದ್ದರು. ಮಗ ಗಟ್ಟಿಮುಟ್ಟಾಗಿದ್ದ, ವ್ಯಾಪಾರ ನೋಡಿಕೊಳ್ಳಲಿ ಎಂಬುದು ಅಪ್ಪನ ಆಸೆ. ಆದರೆ ಅಣ್ಣ ಆಗಲೇ ಯೇಸು ಮರಿಯರ ಪವಿತ್ರ ಹೃದಯಗಳ ಸಭೆ ಸೇರಿ ಪಾಂಫೀಲ್ ಎಂಬ ಹೆಸರು ಪಡೆದಿದ್ದರು. ತಮ್ಮನೂ 1859ರಲ್ಲಿ ಅಲ್ಲಿಗೇ ಹೋದರು, ಡೇಮಿಯನ್ ಎಂಬ ಹೆಸರಿಟ್ಟುಕೊಂಡರು. ಲ್ಯಾಟಿನ್ ಬಾರದು, ಓದು ಸಾಲದು ಎಂದು ಮೇಲಿನವರು ಅವರನ್ನು ಗುರುಪಟ್ಟಕ್ಕೆ ತೆಗೆದುಕೊಳ್ಳದೆ ಸಹೋದರರಾಗಿ ಇರಿಸಿಕೊಂಡಿದ್ದರು. ಅಣ್ಣನೇ ಬಿಡುವಿನಲ್ಲಿ ಲ್ಯಾಟಿನ್ ಕಲಿಸಿದರು. ಅವರು ಕಲಿತ ವೇಗ ನೋಡಿ ಹಿರಿಯರು ಮನಸ್ಸು ಬದಲಿಸಿದರು.

1863ರಲ್ಲಿ ಪಾಂಫೀಲ್ ಅವರನ್ನು ಹವಾಯಿಗೆ ಕಳಿಸಲು ಎಲ್ಲ ಸಿದ್ಧವಾಗಿತ್ತು. ಅಷ್ಟರಲ್ಲಿ ಅವರಿಗೆ ಟೈಫಸ್ ಜ್ವರ ಹಿಡಿಯಿತು. ಇನ್ನೂ ಗುರುಪಟ್ಟವೇ ಆಗಿರದ ತಮ್ಮ, ತನ್ನ ಮನೆಯ ಹಿರಿಯರನ್ನು ದಾಟಿ, ನೇರವಾಗಿ ಪ್ಯಾರಿಸಿನಲ್ಲಿದ್ದ ಸಭೆಯ ಮಹಾಶ್ರೇಷ್ಠರಿಗೇ ಪತ್ರ ಬರೆದು ಅಣ್ಣನ ಜಾಗದಲ್ಲಿ ತನ್ನನ್ನು ಕಳಿಸಿ ಎಂದು ಕೇಳಿದರು. ಒಪ್ಪಿಗೆ ಬಂತು. ಹೀಗೆ ನೇರ ಮೇಲಕ್ಕೆ ಬರೆಯುವ ಅಭ್ಯಾಸ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಮೇಲಿನವರಿಗೆ ಅದು ಯಾವಾಗಲೂ ಇಷ್ಟವಾಯಿತು ಎಂದೂ ಹೇಳಲಾರೆವು.

ಮಾತೆ ಮರಿಯಮ್ಮನವರ ಒಂದು ಯಾತ್ರಾಸ್ಥಳದಲ್ಲಿ ಅಮ್ಮನನ್ನು ಕಂಡು ಬೀಳ್ಕೊಂಡರು. ಆಗ ಅವರಿಗೆ 23 ವರ್ಷ. ಆಮೇಲೆ ತಾಯಿ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ. ಸುಮಾರು ಐದು ತಿಂಗಳ ಹಡಗಿನ ಪ್ರಯಾಣ ಮುಗಿಸಿ 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಹೊನೊಲುಲು ತಲಪಿದರು. ಎರಡು ತಿಂಗಳಲ್ಲಿ ಅಲ್ಲಿಯ ಪ್ರಧಾನಾಲಯದಲ್ಲಿ ಗುರುಪಟ್ಟವಾಯಿತು.

ಮುಂದಿನ ಒಂಬತ್ತು ವರ್ಷ ಅವರು ಹವಾಯಿ ಎಂಬ ಹೆಸರಿನ ದೊಡ್ಡ ದ್ವೀಪದಲ್ಲಿ ಸೇವೆ ಮಾಡಿದರು. ಮೊದಲು ಪುನಾ, ಆಮೇಲೆ ಕೊಹಾಲಾ ಮತ್ತು ಹಾಮಾಕುವಾ. ಜ್ವಾಲಾಮುಖಿಯ ನಾಡು. ಕಣಿವೆ ಹತ್ತಿ ಇಳಿದು ಊರೂರು ಸುತ್ತುವುದು, ಮರ ತಂದು ತಾವೇ ಕೊಯ್ದು ಪ್ರಾರ್ಥನಾಲಯ ಕಟ್ಟುವುದು ಅವರ ಕೆಲಸವಾಯಿತು. ಮನೆಯಲ್ಲಿ ಫ್ಲೆಮಿಷ್ ಮಾತಾಡಿ, ಫ್ರೆಂಚಿನಲ್ಲಿ ಓದಿ, ಲ್ಯಾಟಿನ್ನಿನಲ್ಲಿ ಪೂಜೆ ಕಲಿತವರು ಇಲ್ಲಿ ಜನರ ಹವಾಯಿ ಭಾಷೆಯನ್ನು ಕಲಿತು ಅದರಲ್ಲೇ ಪ್ರಬೋಧನೆ ಮಾಡಿದರು. ಜನ ಅವರ ಹೆಸರನ್ನು ತಮ್ಮ ನಾಲಿಗೆಗೆ ತಕ್ಕಂತೆ ಕಾಮಿಯಾನೊ ಎಂದು ತಿರುಗಿಸಿಕೊಂಡರು. ನಾಲ್ಕು ಭಾಷೆಯ ಧರ್ಮಪ್ರಾಂತದಲ್ಲಿರುವ ನಮಗೆ ಇದರ ಬೆಲೆ ಗೊತ್ತು. ನಮ್ಮ ಅಜ್ಜ ಅಜ್ಜಿಯರು ತಮಿಳು ಪೂಜೆಯಲ್ಲಿ ಪೂರ್ತಿ ಕೂರುತ್ತಾರೆ, ಹಾಡೂ ಹೇಳುತ್ತಾರೆ. ಪಾಪನಿವೇದನೆಗೆ ಮಾತ್ರ ಕನ್ನಡ ಬಲ್ಲ ಸ್ವಾಮಿಗಳು ಬರಲಿ ಎಂದು ಕಾಯುತ್ತಾರೆ.

ಇನ್ನು ಮೊಲೊಕಾಯ್ ವಿಷಯ. ಹೊರಗಿನ ಹಡಗುಗಳ ಜೊತೆ ಹೊರಗಿನ ರೋಗಗಳೂ ಆ ದ್ವೀಪಗಳಿಗೆ ಬಂದಿದ್ದವು. ಕುಷ್ಠ ಅದರಲ್ಲೊಂದು. ನಮ್ಮ ಕಡೆ ಹಿರಿಯರು ಹೆಸರು ಹೇಳಲೂ ಅಂಜಿ ದೊಡ್ಡರೋಗ ಎನ್ನುತ್ತಿದ್ದರಲ್ಲ, ಅದೇ. 1865ರಲ್ಲಿ ರಾಜ ಐದನೇ ಕಾಮೆಹಾಮೆಹಾ ಅವರ ಸರ್ಕಾರ ರೋಗ ಹರಡದಂತೆ ಕಾನೂನು ಮಾಡಿತು. ರೋಗ ಕಂಡವರನ್ನು ಹಿಡಿದು ಮೊಲೊಕಾಯ್‌ನ ಉತ್ತರದ ಚಾಚಿಗೆ ಸಾಗಿಸಬೇಕು. ಆ ಜಾಗಕ್ಕೆ ಮೂರು ಕಡೆ ಕಡಲು, ಹಿಂದೆ ಸುಮಾರು 2000 ಅಡಿ ನೆಟ್ಟಗೆ ನಿಂತ ಬಂಡೆಗೋಡೆ. ಬೇಲಿಯೇ ಬೇಡ. ಮೊದಲ ತಂಡವನ್ನು ಅಲ್ಲಿಯ ಕಲಾವಾವೊ ಎಂಬಲ್ಲಿ ಇಳಿಸಿದ್ದು 1866ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ. ಗಂಡನ ಜೊತೆ ಹೆಂಡತಿ, ಹೆಂಡತಿಯ ಜೊತೆ ಗಂಡ, ರೋಗವಿಲ್ಲದಿದ್ದರೂ ತಾವಾಗಿ ಹೋದವರಿದ್ದರು. ಅವರನ್ನು ಕೋಕುವಾ ಎನ್ನುತ್ತಿದ್ದರು, ಅಂದರೆ ನೆರವಾಗುವವರು. ಡೇಮಿಯನ್ನರಿಗಿಂತ ಮೊದಲೇ ಅಲ್ಲಿ ಪ್ರೀತಿಗಾಗಿ ಉಳಿದವರು ಈ ಹೆಸರಿಲ್ಲದ ಜನ. ಇದನ್ನು ಎಷ್ಟೋ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

1873ರ ಮೇ 4ರಂದು ಮಾವೀ ದ್ವೀಪದ ವೈಲುಕು ಎಂಬಲ್ಲಿ ಹೊಸ ದೇವಾಲಯದ ಆಶೀರ್ವಾದಕ್ಕೆ ಗುರುಗಳೆಲ್ಲ ಸೇರಿದ್ದರು. ಬಿಷಪ್ ಮೈಗ್ರೆ ಅವರು ಮೊಲೊಕಾಯ್ ವಿಷಯ ಎತ್ತಿದರು. ಅಲ್ಲಿ ಪುಟ್ಟ ದೇವಾಲಯವಿತ್ತು, ಸಂತ ಫಿಲೋಮಿನಮ್ಮನವರ ಹೆಸರಿನದು. ಆದರೆ ನೆಲೆಸಿದ ಗುರುಗಳಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಒಬ್ಬರು ಬಂದು ಹೋಗುತ್ತಿದ್ದರು, ಉಳಿದ ದಿನ ಜನ ಸಂಸ್ಕಾರವಿಲ್ಲದೆ ಸಾಯುತ್ತಿದ್ದರು. ಯಾರಿಗೂ ಅಲ್ಲಿಗೆ ಹೋಗಿ ಎಂದು ಆಜ್ಞೆ ಮಾಡಲು ಬಿಷಪರಿಗೆ ಮನಸ್ಸಿರಲಿಲ್ಲ. ನಾಲ್ವರು ತರುಣ ಗುರುಗಳು ತಾವಾಗಿ ಮುಂದೆ ಬಂದರು. ಒಬ್ಬೊಬ್ಬರು ಮೂರು ತಿಂಗಳಂತೆ ಸರದಿ ಎಂದು ತೀರ್ಮಾನವಾಯಿತು. ಮೊದಲ ಸರದಿ ಡೇಮಿಯನ್ನರದು.

ಮೇ 10, ಶನಿವಾರ. ರೋಗಿಗಳನ್ನೂ ದನಗಳನ್ನೂ ತುಂಬಿಕೊಂಡ ಹಡಗಿನಲ್ಲಿ ಬಿಷಪರ ಜೊತೆ ಬಂದಿಳಿದರು. ಕೈಯಲ್ಲಿ ಪ್ರಾರ್ಥನಾ ಪುಸ್ತಕ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಬಿಷಪರು ಜನರಿಗೆ ಅವರ ಪರಿಚಯ ಮಾಡಿ ಹಿಂದಿರುಗಿದರು. ಡೇಮಿಯನ್ನರಿಗೆ 33 ವರ್ಷ. ಇರಲು ಮನೆಯಿಲ್ಲ. ರೋಗಿಗಳ ಗುಡಿಸಲಲ್ಲಿ ಮಲಗಬಾರದು, ಅವರನ್ನು ಮುಟ್ಟಬಾರದು, ಅವರ ಜೊತೆ ಉಣ್ಣಬಾರದು ಎಂದು ಹಿರಿಯರು ಎಚ್ಚರಿಸಿದ್ದರು. ಹಾಗಾಗಿ ದೇವಾಲಯದ ಪಕ್ಕ ಒಂದು ಮರದ ಕೆಳಗೆ ಮಲಗಿದರು. ಆ ಮರ ನಮ್ಮ ಕೇದಗೆಯ ಜಾತಿಯದು. ಬುಡದ ಚಪ್ಪಟೆ ಕಲ್ಲೇ ಊಟದ ಮೇಜು. ವಾರಗಟ್ಟಲೆ ಅಲ್ಲೇ ಮಲಗಿದರು.

ಆ ಮೊದಲ ದಿನಗಳಲ್ಲಿ ಅವರು ಕಂಡದ್ದು ಇದು. 600ಕ್ಕೂ ಹೆಚ್ಚು ರೋಗಿಗಳು. ಹುಲ್ಲು ಸೊಪ್ಪು ಹೊದಿಸಿದ ತೇವದ ಗುಡಿಸಲುಗಳು. ಕುಡಿಯುವ ನೀರನ್ನು ದೂರದ ಕೊರಕಲಿನಿಂದ ಹೊತ್ತು ತರಬೇಕು, ಬೆರಳಿಲ್ಲದವರು ಹೊರುವುದು ಹೇಗೆ? ಆಸ್ಪತ್ರೆ ಎಂಬ ಹೆಸರಿನ ಕಟ್ಟಡ ಉಂಟು, ಅದರಲ್ಲಿ ನೆಲೆಸಿದ ವೈದ್ಯರಿಲ್ಲ. ಗಿಡದ ಬೇರಿನಿಂದ ಸಾರಾಯಿ ಇಳಿಸಿ ಕುಡಿದು, ಇಸ್ಪೀಟಾಡಿ ದಿನ ಕಳೆಯುವ ಜನ. ಸತ್ತವರಲ್ಲಿ ಎಷ್ಟೋ ಮಂದಿಗೆ ಪೆಟ್ಟಿಗೆಯೂ ಇಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಹುಣ್ಣಿನ ವಾಸನೆ. ಗುಡಿಸಲೊಳಗೆ ಪಾಪನಿವೇದನೆ ಕೇಳುತ್ತ ಕೂತವರು ಉಸಿರಿಗಾಗಿ ಹೊರಗೆ ಓಡಿದ್ದುಂಟು. ಬಟ್ಟೆಗೆ ಆ ವಾಸನೆ ಹತ್ತದಿರಲೆಂದು ಹೊಗೆಬತ್ತಿ ಕೊಳವೆ ಸೇದಲು ಕಲಿತರು. ಸಂತರು ವಾಕರಿಸಿದರು, ಓಡಿದರು, ಮತ್ತೆ ಒಳಗೆ ಬಂದರು. ನಾವೂ ಆಶ್ರಮದ ಮೊದಲ ದಿನ ಎರಡು ಸಲ ಹೊರಗೆ ಓಡಿದ್ದೆವು, ಆದ್ದರಿಂದ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

ಸೋಮವಾರ ಮೇ 12. ಬಂದು ಇನ್ನೂ ಮೂರನೆಯ ದಿನ. ಅಂದೇ ಅವರು ತಮ್ಮ ಮೇಲಿನವರಿಗೆ ಪತ್ರ ಬರೆದು, ಇಲ್ಲಿ ಒಬ್ಬರು ನೆಲೆಸಬೇಕು, ಬಂದು ಹೋಗುವುದರಿಂದ ಆಗದು, ಆ ಒಬ್ಬರು ನಾನೇ ಆಗಲಿ ಎಂಬರ್ಥದಲ್ಲಿ ಕೇಳಿಕೊಂಡರು. ಅಂದರೆ ವಾರವೂ ತುಂಬಿರಲಿಲ್ಲ. ಅಷ್ಟರಲ್ಲೇ ಹೊನೊಲುಲು ಪತ್ರಿಕೆಗಳು ಅವರನ್ನು ಹೊಗಳಿ ಬರೆದವು, ಕತೋಲಿಕರಲ್ಲದವರೂ ಹಣ ಕೊಟ್ಟರು. ಹೊಗಳಿಕೆಯ ಹಿಂದೆಯೇ ಬಾಗಿಲೂ ಮುಚ್ಚಿತು. ರೋಗಿಗಳ ನಡುವೆ ಇರುವವರು ಹೊರಗೆ ಬರುವಂತಿಲ್ಲ ಎಂದು ಆರೋಗ್ಯ ಮಂಡಳಿ ಬಿಗಿ ಮಾಡಿತು. ಆ ದಿನಗಳಲ್ಲಿ ಅವರ ಶ್ರೇಷ್ಠರು ಹಡಗಿನಲ್ಲಿ ಬಂದಾಗ ಇಳಿಯಲು ಬಿಡಲಿಲ್ಲ. ಡೇಮಿಯನ್ನರು ಸಣ್ಣ ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಕೆಳಗಿನಿಂದಲೇ ಗಟ್ಟಿಯಾಗಿ ಫ್ರೆಂಚಿನಲ್ಲಿ ಪಾಪನಿವೇದನೆ ಮಾಡಿದರು. ಮೇಲಿನಿಂದ ಪಾಪಕ್ಷಮೆ ಬಂತು. ಕಟ್ಟುಪಾಡು ಆಮೇಲೆ ಸಡಿಲವಾಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಅಣ್ಣನಿಗೆ ಬರೆದ ಪತ್ರದಲ್ಲಿ ಒಂದು ಸಂಗತಿ ತಿಳಿಸಿದ್ದಾರೆ. ಪ್ರಬೋಧನೆಯಲ್ಲಿ ಅವರು ಜನರನ್ನು ನೀವು ರೋಗಿಗಳು ಎಂದು ಕರೆಯುತ್ತಿರಲಿಲ್ಲ. ತಮ್ಮನ್ನೂ ಸೇರಿಸಿಕೊಂಡು ಕುಷ್ಠರೋಗಿಗಳಾದ ನಾವು ಎನ್ನುತ್ತಿದ್ದರು. ಆಗ ಅವರ ಮೈಮೇಲೆ ಒಂದು ಕಲೆಯೂ ಇರಲಿಲ್ಲ.

ಹಿರಿಯರ ಎಚ್ಚರಿಕೆಯನ್ನು ಅವರು ಹೆಚ್ಚು ದಿನ ಪಾಲಿಸಲಿಲ್ಲ. ಒಂದೇ ಬಟ್ಟಲಿನಿಂದ ಜನರೊಡನೆ ಉಂಡರು, ತಮ್ಮ ಹೊಗೆಬತ್ತಿ ಕೊಳವೆಯನ್ನು ಅವರ ಬಾಯಿಗೆ ಕೊಟ್ಟರು. ವಿಜ್ಞಾನ ಓದಿದ ನಮಗೆ ಇದು ಸರಿ ಎನ್ನಲು ಕಷ್ಟ. 1873ರಲ್ಲೇ, ಅವರು ಮೊಲೊಕಾಯ್‌ಗೆ ಇಳಿದ ವರ್ಷವೇ, ನಾರ್ವೆ ದೇಶದಲ್ಲಿ ಹ್ಯಾನ್ಸನ್ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಈ ರೋಗದ ಬ್ಯಾಕ್ಟೀರಿಯಾವನ್ನು ಕಂಡರು. ಅದು ಬಹಳ ನಿಧಾನವಾಗಿ ಬೆಳೆಯುವಂಥದು, ಲಕ್ಷಣ ತೋರಲು ವರ್ಷಗಳೇ ಬೇಕು. ಇಂದು ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ, ಚಿಕಿತ್ಸೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ. ಆಗ ಮಾತ್ರೆ ಇರಲಿಲ್ಲ, ಮುಟ್ಟುವವರೂ ಇರಲಿಲ್ಲ.

ಮುಂದಿನ ವರ್ಷಗಳ ಕೆಲಸ ಬಡಗಿಯದು, ಮೇಸ್ತ್ರಿಯದು, ದಾದಿಯದು. ನೀರಿಗೆ ಕೊಳವೆ ಹಾಕಿಸಿದರು. 1874ರ ಬಿರುಗಾಳಿಗೆ ಗುಡಿಸಲುಗಳು ಹಾರಿಹೋದಾಗ ಹಲಗೆ ತರಿಸಿ ಮನೆ ಕಟ್ಟಿದರು. ಶವಪೆಟ್ಟಿಗೆ ತಾವೇ ಮಾಡಿದರು, ಗುಂಡಿ ತಾವೇ ತೋಡಿದರು. ಅನಾಥ ಮಕ್ಕಳಿಗೆ ಮನೆ ಮಾಡಿದರು. ಬ್ಯಾಂಡು ಕಟ್ಟಿದರು, ಸಾವಿನ ಮೆರವಣಿಗೆಯೂ ಮರ್ಯಾದೆಯಿಂದ ನಡೆಯುವಂತಾಯಿತು. ಮುಂಗೋಪಿ, ಹಟಮಾರಿ ಎಂದು ಅವರ ಜೊತೆ ಕೆಲಸ ಮಾಡಿದವರೇ ದೂರಿದ್ದುಂಟು. ಹಲಗೆಗಾಗಿ ಸರ್ಕಾರದ ಮಂಡಳಿಗೆ ಬರೆದು ಬರೆದು ಪೀಡಿಸುತ್ತಿದ್ದರು. ಸೌಮ್ಯ ಸ್ವಭಾವದವರಾಗಿದ್ದರೆ ಅಷ್ಟು ಹಲಗೆ ಬರುತ್ತಿರಲಿಲ್ಲವೇನೋ.

1884ರ ಡಿಸೆಂಬರ್‌ನಲ್ಲಿ ಒಂದು ಸಂಜೆ ದಣಿದ ಕಾಲನ್ನು ನೀರಿನಲ್ಲಿ ಇಟ್ಟರು. ನೀರು ಕುದಿಯುವಷ್ಟು ಬಿಸಿಯಿತ್ತು. ಚರ್ಮ ಸುಲಿಯಿತು, ನೋವು ತಿಳಿಯಲಿಲ್ಲ. ಅದರ ಅರ್ಥ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುದ್ದಿ ಯುರೋಪಿನ ಪತ್ರಿಕೆಗಳಿಗೂ ಮುಟ್ಟಿತು. 1886ರಲ್ಲಿ ಅವರ ತಾಯಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ನೆರವು ಬಂತು. 1886ರಲ್ಲಿ ಅಮೆರಿಕದ ಜೋಸೆಫ್ ಡಟನ್, 1888ರಲ್ಲಿ ಮದರ್ ಮರಿಯಾನ್ ಕೋಪ್ ಮತ್ತು ಅವರ ಸಿಸ್ಟರುಗಳು. 1889ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ, 49ನೇ ವಯಸ್ಸಿನಲ್ಲಿ ಪ್ರಾಣ ಬಿಟ್ಟರು. ಮೊದಲ ರಾತ್ರಿ ಮಲಗಿದ ಆ ಮರದ ಬುಡದಲ್ಲೇ ಮಣ್ಣು ಮಾಡಿದರು.

ಅವರು ಹೋದ ಮುಂದಿನ ತಿಂಗಳು ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅಲ್ಲಿಗೆ ಬಂದರು. ಇದ್ದದ್ದು ಸುಮಾರು ಒಂದು ವಾರ. ಸಿಸ್ಟರುಗಳ ಮನೆಯ ಹುಡುಗಿಯರ ಜೊತೆ ಆಟವಾಡಿದರು, ಹೋದ ಮೇಲೆ ಅವರಿಗೆ ಪಿಯಾನೊ ಕಳಿಸಿಕೊಟ್ಟರು. ಸ್ವತಃ ಪ್ರೊಟೆಸ್ಟೆಂಟರು. ಮರುವರ್ಷ ಒಬ್ಬ ಬೋಧಕರು ಡೇಮಿಯನ್ನರ ನಡತೆಯ ಬಗ್ಗೆ ಹೀನಾಯವಾಗಿ ಬರೆದದ್ದು ಬೆಳಕಿಗೆ ಬಂದಾಗ, ಡೇಮಿಯನ್ನರ ಕುಂದುಗಳನ್ನು ಮುಚ್ಚಿಡದೆಯೇ ಅವರ ಪರವಾಗಿ ಬಹಿರಂಗ ಪತ್ರ ಬರೆದವರು ಇವರೇ. ಒಂದು ವಾರ ಇದ್ದು ಬಂದವರು ಇಷ್ಟಾದರೂ ಮಾಡಬಹುದು.

ಅಣ್ಣ ಪಾಂಫೀಲ್ ಅವರೂ ಕೊನೆಗೆ 1895ರಲ್ಲಿ ಮೊಲೊಕಾಯ್‌ಗೆ ಹೋದರು, ತಮ್ಮನ ಕೆಲಸ ಮುಂದುವರಿಸಲೆಂದು. ಅವರಿಂದ ಹೆಚ್ಚು ಕಾಲ ಇರಲಾಗಲಿಲ್ಲ, ಬೆಲ್ಜಿಯಂಗೆ ಹಿಂದಿರುಗಿದರು. ಅವರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ನಮಗೆ ಮಾತ್ರ ಅವರ ನೆನಪು ಪದೇ ಪದೇ ಬರುತ್ತದೆ.

1936ರಲ್ಲಿ ಡೇಮಿಯನ್ನರ ದೇಹವನ್ನು ಬೆಲ್ಜಿಯಂಗೆ ಒಯ್ದರು. ಹವಾಯಿಯ ಜನರಿಗೆ ಅದು ನೋವಿನ ಸಂಗತಿಯಾಗಿತ್ತು. 1995ರಲ್ಲಿ ಅವರು ಧನ್ಯರೆಂದು ಘೋಷಿತರಾದ ಮೇಲೆ ಬಲಗೈಯನ್ನು ಹಿಂದಕ್ಕೆ ತಂದು ಕಲಾವಾವೊದ ಹಳೆಯ ಸಮಾಧಿಯಲ್ಲಿಟ್ಟರು. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೇ ಬೆನೆಡಿಕ್ಟ್ ಅವರು ಸಂತರ ಪಟ್ಟ ಕೊಟ್ಟರು.

ಹಬ್ಬದ ದಿನ ಬೆಳಗಿನ ಪೂಜೆ ಮುಗಿದ ಮೇಲೆ ಯುವಸಂಘದವರು ಘಟ್ಟ ಇಳಿಯುತ್ತೇವೆ. ವ್ಯಾನಿನಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗವಿದೆ, ಕನ್ನಡ ಮಾತಾಡುವ ಹಿರಿಯರು ಯಾರಾದರೂ ಬಂದರೆ ಒಳ್ಳೆಯದು. ಮುಂದಿನ ತಿಂಗಳುಗಳಿಗೆ ಯಾರು ಯಾವ ಭಾನುವಾರ ಹೋಗುವುದು ಎಂಬ ಪಟ್ಟಿಯನ್ನು ಫೋಟೋಗಳನ್ನು ತೆಗೆದು ಅದೇ ಫಲಕದಲ್ಲಿ ಹಾಕಿದ್ದೇವೆ. ಹಳೆಯ ಹತ್ತಿ ಪಂಚೆಗಳಿದ್ದರೆ ಒಗೆದು ಕೊಡಿ, ಗಾಯಕ್ಕೆ ಪಟ್ಟಿ ಮಾಡಲು ಬೇಕು. ತಾತ ಆಗ ವೀಳ್ಯದೆಲೆ ಕೇಳಿದ್ದರು. ಈ ಸಲ ಮರೆಯದೆ ತೆಗೆದುಕೊಂಡು ಹೋಗುತ್ತೇವೆ.