ದಲಿತ ಮಗುವಿನ ಕಾರಿನ ಧೂಳಿಗಾಗಿ ಹಂಬಲಿಸಿದ ಕುದ್ಮುಲ್ ರಂಗರಾವ್
ಮಂಗಳೂರು: ನಗರದ ಪುರಭವನದ ಮೇಲೆ ಕುದ್ಮುಲ್ ರಂಗರಾವ್ ಹೆಸರು ಓದಿದವರು ಸಾವಿರಾರು ಮಂದಿ. ಆದರೆ ಅವರು ಯಾರೆಂದು ತಿಳಿಯಬೇಕಾದರೆ ನಂದಿಗುಡ್ಡೆಯ ಸಮಾಧಿಗೆ ಹೋಗಬೇಕು.

1859ರ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ರಂಗರಾವ್, ಮಂಗಳೂರಿಗೆ ಬಂದು ಶಿಕ್ಷಕರಾದರು, ಬಳಿಕ ವಕೀಲರಾದರು. ಆಗ ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿಯೇ ಶಾಲೆ ತೆರೆದರು. ಪಾಠ ಹೇಳಲು ಮೇಲ್ಜಾತಿಯವರು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ರಂಗರಾವ್ ಹಿಂದೆ ಸರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಮಕ್ಕಳಿಗೆ ಓದಿನ ಜತೆ ನೇಯ್ಗೆ, ಮರಗೆಲಸವನ್ನೂ ಕಲಿಸಿದರು. ಸುಧಾರಣೆ ಮನೆಯೊಳಗೂ ನಡೆಯಿತು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಗೆ ಅಂತರ್ಜಾತಿ ಮರುವಿವಾಹವಾಯಿತು. ಆ ಅಳಿಯ ಪಿ. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು.

ರಂಗರಾವ್ 1928ರ ಜನವರಿ 30ರಂದು ನಿಧನರಾದರು. ಅವರ ಇಚ್ಛೆಯಂತೆ ಅಂತ್ಯಕ್ರಿಯೆ ನಡೆಸಿದ್ದು ದಲಿತರೇ. ತಾನು ಓದಿಸಿದ ಮಗು ಸರ್ಕಾರಿ ಹುದ್ದೆಗೇರಿ, ಊರ ರಸ್ತೆಯಲ್ಲಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಸಮಾಧಿಯ ಕಲ್ಲು ಇಂದಿಗೂ ಅದನ್ನೇ ಹೇಳುತ್ತಿದೆ.