ಅಡಗಿದ್ದರೂ ಅಳಿಯದ ಗುಣ: ಗುರು ಗ್ರೆಗೊರ್ ಮೆಂಡೆಲ್

ಜಯನಗರ, ಬನಶಂಕರಿಗಳ ತರಕಾರಿ ಅಂಗಡಿಗಳಲ್ಲಿ ಗುಂಡು ಸೋರೆಯೂ ಉಂಟು, ನೀಳ ಸೋರೆಯೂ ಉಂಟು. ಕಾಯಿಯ ಆಕಾರ ತಲೆಮಾರಿನಿಂದ ತಲೆಮಾರಿಗೆ ಯಾವ ನಿಯಮದಂತೆ ಇಳಿದುಬರುತ್ತದೆಂದು ತಿಳಿಯಲು ದಾರಿ ತೋರಿದವರು ನಮ್ಮ ಧರ್ಮಸಭೆಯ ಗುರುಗಳೊಬ್ಬರು ಎಂಬುದನ್ನು ನಾವು ಸ್ಮರಿಸಬೇಕು.

ಮೆಂಡೆಲರು 1822ರಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಸಿಲೇಸಿಯಾ ಪ್ರಾಂತದಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಓದಿಗೆ ಹಣ ಸಾಲದಾದಾಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಮೀಸಲಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಮುಂದೆ ಆಕೆಯ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಿ ಅವರು ಆ ಋಣ ತೀರಿಸಿದರು. ತತ್ವಶಾಸ್ತ್ರ ಓದಿ, 1843ರಲ್ಲಿ ಬ್ರನೋ ನಗರದ ಸಂತ ತೋಮಸರ ಅಗಸ್ಟಿನ್ ಮಠ ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ರೋಗಿಗಳ ನರಳಾಟ ಕಂಡು ತಾವೇ ಹಾಸಿಗೆ ಹಿಡಿದುದರಿಂದ ಧರ್ಮಕೇಂದ್ರದ ಸೇವೆ ಒಗ್ಗಲಿಲ್ಲ. ಅಧ್ಯಾಪಕರ ಪರೀಕ್ಷೆಯಲ್ಲಿ 1850ರಲ್ಲಿಯೂ 1856ರಲ್ಲಿಯೂ ಯಶಸ್ಸು ದೊರೆಯಲಿಲ್ಲ.

ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗ ಆರಂಭವಾಯಿತು. ಎಂಟು ವರ್ಷಗಳಲ್ಲಿ ಸುಮಾರು 28,000 ಗಿಡಗಳನ್ನು ಬೆಳೆಸಿದರು. ಉಬ್ಬಿದ ಕಾಯಿಯ ಗಿಡವನ್ನು ಕಾಳುಗಳ ನಡುವೆ ಕುಗ್ಗಿದ ಕಾಯಿಯ ಗಿಡದೊಡನೆ ಸಂಕರಗೊಳಿಸಿದಾಗ ಮೊದಲ ತಲೆಮಾರಿನ ಕಾಯಿಗಳೆಲ್ಲವೂ ಉಬ್ಬಿದವೇ. ಕುಗ್ಗಿದ ಆಕಾರ ಅಳಿಯಿತೆನ್ನುವಷ್ಟರಲ್ಲಿ ಮರು ತಲೆಮಾರಿನಲ್ಲಿ ಅದು ಹಿಂದಿರುಗಿತು: ಉಬ್ಬಿದವು 882, ಕುಗ್ಗಿದವು 299, ಹೆಚ್ಚುಕಡಿಮೆ ಮೂರಕ್ಕೆ ಒಂದು. ಗುಣ ಅಡಗಿತ್ತು, ನಾಶವಾಗಿರಲಿಲ್ಲ.

1866ರಲ್ಲಿ ಪ್ರಕಟವಾದ ಈ ಸತ್ಯವನ್ನು ಗಮನಿಸಿದವರು ವಿರಳ. 1868ರಲ್ಲಿ ಮಠಾಧಿಪತಿಯಾದ ಅವರು 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ದೈವಾಧೀನರಾದರು. ಲೋಕ ಅವರನ್ನು ಗುರುತಿಸಿದ್ದು 1900ರಲ್ಲಿ.

1920ರ ದಶಕದಲ್ಲಿ ಅಮೆರಿಕದ ಎಡ್ಮಂಡ್ ಸಿನಟ್ ಇದೇ ಲೆಕ್ಕವನ್ನು ಕುಂಬಳದ ಬಳಗಕ್ಕೆ ಅನ್ವಯಿಸಿದರು. ಗುಂಡು ಕಾಯಿಯ ಎರಡು ತಳಿಗಳು ಕೂಡಿದಾಗ ಚಪ್ಪಟೆ ಕಾಯಿಗಳು ಬಂದವು. ಮರು ತಲೆಮಾರಿನಲ್ಲಿ ಹದಿನಾರಕ್ಕೆ ಒಂಬತ್ತು ಚಪ್ಪಟೆ, ಆರು ಗುಂಡು, ಒಂದು ನೀಳ ಎಂಬ ಪ್ರಮಾಣ ಕಂಡಿತು. ಎರಡು ಪ್ರಬಲ ಗುಣಕಗಳು ಸೇರಿದರೆ ಚಪ್ಪಟೆ, ಒಂದೇ ಇದ್ದರೆ ಗುಂಡು, ಎರಡೂ ಇಲ್ಲದಿದ್ದರೆ ನೀಳ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೀಡಿದ, ಕೊರಳು ಬಾಗದ ನೇರ ಸೋರೆ ‘ಅರ್ಕಾ ಬಹಾರ್’ ತನ್ನ ಆಕಾರವನ್ನು ಬೀಜದಿಂದ ಬೀಜಕ್ಕೆ ಉಳಿಸಿಕೊಳ್ಳುವುದೂ ಅನುವಂಶೀಯತೆಯ ನಿಯಮದಿಂದಲೇ.

ಪರೀಕ್ಷೆಯ ಫಲಿತಾಂಶ ಬಂದ ದಿನ ಮಕ್ಕಳ ಬೆಲೆಯನ್ನು ಅಂಕಪಟ್ಟಿಯಲ್ಲಿ ಅಳೆಯುವ ಮನೆಗಳು ನಮ್ಮ ನಡುವೆ ಇವೆ. ಎರಡು ಬಾರಿ ಸೋತ ಈ ಗುರುವಿನ ಬಾಳನ್ನು ಅಂದು ನೆನೆಯೋಣ. ದೇವರು ಒಳಗಿಟ್ಟ ವರ ಒಂದು ಋತುವಿನಲ್ಲಿ ಕಾಣದಿದ್ದರೆ ಮತ್ತೊಂದರಲ್ಲಿ ಕಂಡೀತು. ಅಲ್ಲಿಯವರೆಗೆ ತೆರೇಸಿಯಾಳಂತೆ ನಂಬಿ ಕೈಹಿಡಿಯುವುದು ಕುಟುಂಬದ ಕರ್ತವ್ಯ.